ಬೆಳೆದು ಹೋಗದ ಕಪ್ಪು

ದೋಹಾದಿಂದ ಸ್ವಲ್ಪ ದೂರದ ಮೆಸಯೀದ್‌ನ ಒಂದು ಪ್ಲಾಂಟಿನೊಳಗೆ ಕಂಟ್ರಾಕ್ಟ್ ಕಂಪೆನಿಯೊಂದರ ಕ್ಲಿನಿಕ್ ಇದೆ. ಅಲ್ಲಿ ನಾನು ನರ್ಸ್. ಗಂಡಸಾದ್ದರಿಂದ ಎಲ್ಲರಿಗೂ ‘ಬ್ರದರ್’. ಶಟ್‌ಡೌನ್ ಶುರುವಾದರೆ ಮಾತ್ರ ನನ್ನನ್ನು ನೋಡುವ ಆ ಕಣ್ಣುಗಳಲ್ಲಿ ಒಡಹುಟ್ಟಿದವರ ಪ್ರೀತಿಯೇನೂ ಕಾಣುವುದಿಲ್ಲ. ಶಟ್‌ಡೌನ್ ಎಂದರೆ ಪ್ಲಾಂಟನ್ನು ನಿಲ್ಲಿಸಿ, ಟ್ಯಾಂಕು ಪೈಪುಗಳನ್ನು ಬಿಚ್ಚಿ ರಿಪೇರಿ ಮಾಡುವ ಕಾಲ. ಟ್ಯಾಂಕಿನೊಳಗೆ ಇಳಿಯುವವರೆಲ್ಲ ಬೆಳಿಗ್ಗೆ ನನ್ನ ಮುಂದೆ ಕುಳಿತು ಬಿಪಿ, ಪಲ್ಸ್ ತೋರಿಸಬೇಕು. ನನ್ನ ಠಸ್ಸೆ ಬೀಳದೆ ಯಾರೂ ಒಳಗಿಳಿಯುವಂತಿಲ್ಲ. ಇಳಿಯದಿದ್ದರೆ ಓವರ್‌ಟೈಮ್ ಇಲ್ಲ. ಹೀಗಾಗಿ ಬೆಳ್ಳಂಬೆಳಿಗ್ಗೆ ನನ್ನ ಬಾಗಿಲಲ್ಲಿ ನಿಂತ ಸಾಲಿಗೆ ಸಾಲೇ ನನಗೆ ಶಾಪ ಹಾಕುತ್ತಿರುತ್ತದೆ. ನಾನೂ ಮನಸ್ಸಿನಲ್ಲೇ ತಿರುಗಿಸಿ ಹಾಕುತ್ತಿರುತ್ತೇನೆ.

ಅಂಥ ಒಂದು ಬೆಳಿಗ್ಗೆ ಪೈಪ್ ಫಿಟ್ಟರ್ ಒಬ್ಬ ಎಡಗೈಯ ಗ್ಲೌಸ್ ಮಾತ್ರ ತೆಗೆದು ಕೈಯನ್ನು ಮೇಜಿನ ಮೇಲಿಟ್ಟ. ಮೂಡಬಿದ್ರೆ ಕಡೆಯವನು, ಮೂವತ್ತೈದರ ಆಸುಪಾಸು, ಕೆಲಸದಲ್ಲಿ ಒಳ್ಳೆಯ ಹೆಸರಿದ್ದವನು. ಪಲ್ಸ್ ನೋಡುವ ಕ್ಲಿಪ್ಪಿಗೆ ಎಡಗೈಯ ಬೆರಳಾದರೂ ಸಾಕು. ಆದರೆ ಯಾರಾದರೂ ಒಂದು ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡರೆ ನನಗೆ ಆ ಕೈಯೇ ಬೇಕು. ಇದು ನನ್ನ ಹುಟ್ಟುಗುಣ. ಹೆಂಡತಿ ಇದಕ್ಕೆ ಬೇರೆ ಹೆಸರಿಟ್ಟಿದ್ದಾಳೆ.

“ಎರಡೂ ತೆಗಿ,” ಎಂದೆ.

“ಒಂದು ಸಾಕಲ್ಲ ಬ್ರದರ್. ಹಿಂದೆ ಲೈನ್ ಉಂಟು.”

“ಲೈನಿನ ಚಿಂತೆ ನಂಗಿರ್ಲಿ. ತೆಗಿ.”

ತೆಗೆದ. ಬಲಗೈಯ ಹೆಬ್ಬೆರಳಿಗೆ ವಯರಿಗೆ ಸುತ್ತುವ ಕಪ್ಪು ಟೇಪು ಸುತ್ತಿಕೊಂಡಿದ್ದ. ಅದನ್ನೂ ಬಿಚ್ಚಿಸಿದೆ. ಉಗುರಿನ ನಡುವೆ ಬುಡದಿಂದ ತುದಿಯವರೆಗೆ ಒಂದು ಕಪ್ಪು ಪಟ್ಟಿ. ತುದಿಯಲ್ಲಿ ಬೆಂಕಿಕಡ್ಡಿಯಷ್ಟು ಅಗಲ, ಬುಡಕ್ಕೆ ಬರುತ್ತಾ ಅದರ ಎರಡರಷ್ಟು. ಒಂದೇ ಬಣ್ಣವೂ ಅಲ್ಲ, ಕೆಲವು ಕಡೆ ಕಂದು, ಕೆಲವು ಕಡೆ ಇದ್ದಿಲಿನ ಕಪ್ಪು. ಅಂಚು ನೇರವಿರಲಿಲ್ಲ. ತುದಿಯಲ್ಲಿ ಉಗುರು ಸೀಳಿತ್ತು. ನನಗೆ ಒಮ್ಮೆಲೇ ಕೆಟ್ಟದ್ದೆನಿಸಿದ್ದು ಇವುಗಳಿಂದಲ್ಲ. ಕಪ್ಪು ಉಗುರಿನಲ್ಲಿ ನಿಲ್ಲದೆ ಬುಡದ ಚರ್ಮಕ್ಕೂ ದಾಟಿತ್ತು.

“ಎಂತದ್ದು ಇದು?”

“ಹ್ಯಾಮರ್ ಬಿದ್ದದ್ದು. ಬರೀಬೇಡಿ ಬ್ರದರ್, ನಿಮ್ಮ ದಮ್ಮಯ್ಯ.”

ಇದನ್ನು ಸ್ವಲ್ಪ ವಿವರಿಸಬೇಕು. ದೊಡ್ಡ ಬೋಲ್ಟುಗಳನ್ನು ಬಿಚ್ಚಲು ಇವರಲ್ಲಿ ಗಿಡ್ಡ, ದಪ್ಪ ಸ್ಪ್ಯಾನರ್ ಒಂದುಂಟು. ಒಬ್ಬ ಅದನ್ನು ಬೋಲ್ಟಿಗೆ ಸಿಕ್ಕಿಸಿ ಹಿಡಿಯಬೇಕು, ಇನ್ನೊಬ್ಬ ಸುತ್ತಿಗೆಯಿಂದ ಅದರ ಬಾಲಕ್ಕೆ ಹೊಡೆಯಬೇಕು. ಹಗ್ಗ ಕಟ್ಟಿ ದೂರದಿಂದ ಹಿಡಿಯಬೇಕೆಂಬ ನಿಯಮವಿದೆ. ಹಗ್ಗ ಹಿಡಿದರೆ ಕೆಲಸ ನಿಧಾನವೆಂದು ಯಾರೂ ಹಿಡಿಯುವುದಿಲ್ಲ. ಸುತ್ತಿಗೆ ಜಾರಿದರೆ ಹಿಡಿದವನ ಹೆಬ್ಬೆರಳು ಚಟ್ನಿ. ಈ ಜನರಲ್ಲಿ ಕಪ್ಪು ಉಗುರಿಲ್ಲದವನನ್ನು ಫಿಟ್ಟರ್ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಇನ್ನೊಂದು ಕಡೆ, ಗೇಟಿನಲ್ಲಿ ದೊಡ್ಡ ಬೋರ್ಡೊಂದಿದೆ, ಅಪಘಾತವಿಲ್ಲದೆ ಎಷ್ಟು ದಿನ ಕಳೆಯಿತೆಂದು ತೋರಿಸಲಿಕ್ಕೆ. ಅಂಕಿ ಗುರಿ ಮುಟ್ಟಿದರೆ ಇಡೀ ಗ್ಯಾಂಗಿಗೆ ಬಿರಿಯಾನಿ, ತಲೆಗೊಂದು ಕಂಬಳಿ. ಯಾರದೋ ಬೆರಳಿನಿಂದ ಅಂಕಿ ಸೊನ್ನೆಗೆ ಇಳಿದರೆ ಕೆಲಸಗಾರರು ವಾಸವಿರುವ ಕ್ಯಾಂಪಿನಲ್ಲಿ ಅವನ ಜೊತೆ ಕೂತು ಉಣ್ಣುವವರಿಲ್ಲ. ಹಾಗಾಗಿ ಪೆಟ್ಟು ಬಿದ್ದವರು ಟೇಪು ಸುತ್ತಿ, ಗ್ಲೌಸ್ ಹಾಕಿ, ಹಲ್ಲು ಕಚ್ಚಿ ಕೆಲಸ ಮಾಡುತ್ತಾರೆ.

“ಯಾವಾಗ ಬಿದ್ದದ್ದು?”

“ಹೋದ ಶಟ್‌ಡೌನಲ್ಲಿ.”

ಹೋದ ಶಟ್‌ಡೌನ್ ಕಳೆದು ವರ್ಷ ದಾಟಿತ್ತು. ಕೈಯ ಉಗುರು ಬುಡದಿಂದ ತುದಿಗೆ ಬೆಳೆಯಲು ಅರ್ಧ ವರ್ಷ ಸಾಕು. ಅಡಿಯಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದೂ ಉಗುರಿನ ಜೊತೆ ಮುಂದೆ ಸರಿದು ಕೊನೆಗೆ ಕತ್ತರಿಗೆ ಸಿಕ್ಕಿ ಹೋಗಬೇಕು. ಇವನ ಕಪ್ಪು ಬುಡದಲ್ಲೇ ಬೇರು ಬಿಟ್ಟು ಕೂತಿತ್ತು. ಹಿಂದೆ ಊರಿನ ಆಸ್ಪತ್ರೆಯ ಚರ್ಮದ ವಿಭಾಗದಲ್ಲಿದ್ದಾಗ ಅಲ್ಲಿಯ ಡಾಕ್ಟರು ನಮ್ಮ ತಲೆಗೆ ತುಂಬಿದ್ದ ಮಾತು ಆಗ ಎದ್ದು ಬಂತು: ನಮ್ಮಂಥ ಕಂದುಬಣ್ಣದವರಿಗೆ ಚರ್ಮದ ಕ್ಯಾನ್ಸರ್‌ಗಳಲ್ಲಿ ಅತಿ ಕೆಟ್ಟದ್ದು ಬಂದರೆ ಬಿಸಿಲು ಬೀಳುವ ಬೆನ್ನು ಭುಜದಲ್ಲಿ ಹುಡುಕಬೇಡಿ, ಅಂಗಾಲು, ಅಂಗೈ, ಉಗುರಿನ ಅಡಿ ನೋಡಿ. ಹೆಬ್ಬೆರಳನ್ನು ಮೊದಲು ನೋಡಿ.

ಫಿಟ್ಟರನಿಗೆ ಇದನ್ನೆಲ್ಲ ಹೇಳಲಿಲ್ಲ. ಬೆರಳಿನ ಪಕ್ಕ ಸಣ್ಣ ಸ್ಕೇಲಿಟ್ಟು ಫೋಟೋ ತೆಗೆದೆ. ಉಳಿದ ಉಗುರುಗಳನ್ನೂ ನೋಡಿದೆ. ಎರಡು ಬೆರಳಲ್ಲಿ ನೂಲಿನಷ್ಟು ತೆಳ್ಳಗಿನ ಕಂದು ಗೆರೆ ಇತ್ತು. ನಮ್ಮ ಬಣ್ಣದವರಲ್ಲಿ ಅದು ಸಾಮಾನ್ಯ. ಹೆಬ್ಬೆರಳಿನದು ಅವುಗಳ ಜಾತಿಯದ್ದಲ್ಲ. “ಡಾಕ್ಟರು ಬಂದಾಗ ತೋರಿಸಿ ಹೋಗು,” ಎಂದೆ. ಅವನು ನನ್ನನ್ನೇ ದುರುಗುಟ್ಟಿ ನೋಡಿ ಗ್ಲೌಸ್ ಏರಿಸಿಕೊಂಡ.

ನಮ್ಮ ಡಾಕ್ಟರು ವಾರಕ್ಕೆ ಎರಡು ಸಲ ಬರುತ್ತಾರೆ. ಬಂದರೆ ಹೊರಗೆ ಕಾರಿನ ಎಂಜಿನ್ ಓಡುತ್ತಲೇ ಇರುತ್ತದೆ. ಅವರು ಬೆರಳನ್ನು ಮುಟ್ಟಲೂ ಇಲ್ಲ.

“ಫಂಗಸ್. ಕ್ರೀಮ್ ಕೊಡಿ,” ಎಂದರು.

“ಸರ್, ಬುಡದ ಚರ್ಮಕ್ಕೂ ಬಣ್ಣ ಬಂದಿದೆ.”

“ಹಾಗಾದರೆ ಪೆಟ್ಟಿರಬೇಕು. ಭಾರತೀಯರ ಉಗುರಲ್ಲಿ ಗೆರೆ ಇರುವುದು ಮಾಮೂಲು. ನೀವು ಎಲ್ಲದಕ್ಕೂ ಹೆದರುತ್ತೀರಿ.”

ಒಂದೇ ಉಸಿರಿನಲ್ಲಿ ಮೂರು ರೋಗನಿರ್ಣಯ! ನನ್ನ ಮೈ ಉರಿಯಿತು. ದೋಹಾದ ದೊಡ್ಡ ಆಸ್ಪತ್ರೆಯ ಚರ್ಮದ ವಿಭಾಗಕ್ಕೆ ಒಂದು ಚೀಟಿ ಬರೆದುಕೊಡಿ ಎಂದು ಕೇಳಿದೆ. ಶಟ್‌ಡೌನ್ ನಡುವೆ ಕೆಲಸಗಾರರನ್ನು ಹೀಗೆ ಕಳಿಸುತ್ತಾ ಹೋದರೆ ಕಂಪೆನಿಯವರು ತನ್ನನ್ನು ಕೇಳುತ್ತಾರೆ ಎಂದರು. ಆ ಚೀಟಿ ಬರೆಯುವ ಅಧಿಕಾರ ನರ್ಸಿಗಿಲ್ಲ. ಕೊನೆಗೆ ಅವರು ಒಪ್ಪಿದ್ದು ಒಂದಕ್ಕೆ ಮಾತ್ರ. ಉಗುರಿನ ಮೇಲೆ, ಬುಡಕ್ಕೆ ತಾಗಿದಂತೆ, ಸೂಜಿಯಿಂದ ಅಡ್ಡಕ್ಕೆ ಸಣ್ಣ ಗೀರು ಹಾಕುವುದು, ಒಂದು ತಿಂಗಳು ಕಾಯುವುದು. ಪೆಟ್ಟಿನ ರಕ್ತವಾದರೆ ಗೀರು ಮುಂದೆ ಹೋದ ಹಾಗೆ ಅದರ ಹಿಂದೆ ಬಿಳಿ ಉಗುರು ಬರುತ್ತದೆ. ಹಿಂದೆ ಬರುವುದೂ ಕಪ್ಪೇ ಆದರೆ ಕಪ್ಪನ್ನು ತಯಾರಿಸುವುದು ಬುಡದಲ್ಲೇ ಕೂತಿದೆ ಎಂದರ್ಥ. ಉಪಾಯ ಒಳ್ಳೆಯದೇ. ಆದರೆ ಚರ್ಮಕ್ಕೆ ಬಣ್ಣ ಇಳಿದ ಮೇಲೆ ಒಂದು ದಿನವೂ ಕಾಯಬಾರದೆಂದು ನನಗೆ ಕಲಿಸಿದ್ದರು. ಹಲ್ಲು ಕಡಿಯುತ್ತಾ ಗೀರು ಹಾಕಿದೆ. ಫಿಟ್ಟರ್ ಮುಖ ಆಚೆ ತಿರುಗಿಸಿ ಕೂತಿದ್ದ.

ಸುದ್ದಿ ಸೇಫ್ಟಿ ಆಫೀಸರನ ಕಿವಿಗೆ ಬಿದ್ದದ್ದು ಮಧ್ಯಾಹ್ನದೊಳಗೆ. ಈತ ಉಡುಪಿಯವನು. ಊರಿನ ಸಂಘದ ಸ್ಟೇಜ್ ಹತ್ತಿದರೆ ‘ನಾವೆಲ್ಲ ಒಂದೇ ತಾಯಿಯ ಮಕ್ಕಳು’ ಎಂದು ಗಂಟಲು ಹರಿದುಕೊಳ್ಳುತ್ತಾನೆ. ಪ್ಲಾಂಟಿನ ಗೇಟು ದಾಟಿದರೆ ಅವನಿಗೆ ತಂದೆ ತಾಯಿ ಎರಡೂ ಆ ಬೋರ್ಡು. ಬಾಗಿಲು ತಟ್ಟದೆ ಒಳಗೆ ಬಂದ.

“ಎಂತ ಬ್ರದರ್, ನೀವು ಹಳೇ ಪೆಟ್ಟಿಗೆಲ್ಲ ಕೇಸ್ ಓಪನ್ ಮಾಡ್ತಿದ್ದೀರಂತೆ?”

“ಪೆಟ್ಟು ಅಂತ ನಾನು ಹೇಳಲೇ ಇಲ್ಲ.”

“ಮತ್ತೆ ಫೋಟೋ ಯಾಕೆ? ಸ್ಕೇಲ್ ಯಾಕೆ? ಬೋರ್ಡ್ ಗುರಿ ಮುಟ್ಲಿಕ್ಕೆ ಇನ್ನು ಸ್ವಲ್ಪ ಉಂಟು. ಕ್ಲೈಂಟ್ ಮ್ಯಾನೇಜರ್ ಕೈಯಲ್ಲಿ ಪ್ರೈಜ್ ಕೊಡಿಸ್ಬೇಕು ಅಂತ ನಾನು ಓಡಾಡ್ತಾ ಇದ್ದೇನೆ.”

“ನಿಮ್ಮ ಕಂಬಳಿ ನೀವು ಹೊದ್ಕೊಳ್ಳಿ. ನಂಗೆ ಅವನ ಬೆರಳು ನೋಡ್ಲಿಕ್ಕುಂಟು.”

ಆಗ ‘ನೀವು’ ಹೋಗಿ ‘ನೀನು’ ಬಂತು. “ನೋಡು, ನೀನು ಬಿಪಿ ನೋಡ್ಲಿಕ್ಕೆ ಇರುವವ. ಬಿಪಿ ನೋಡು. ಖಲಾಸ್.” ಬಾಗಿಲು ಧಡಾರನೆ ಬಡಿದು ಹೋದ. ಗೋಡೆಯಲ್ಲಿದ್ದ ಕೈತೊಳೆಯುವ ಕ್ರಮದ ಚಿತ್ರ ಕಳಚಿ ಬಿತ್ತು.

ಆಮೇಲೆ ಫಿಟ್ಟರ್ ನನ್ನ ಕಣ್ಣು ತಪ್ಪಿಸತೊಡಗಿದ. ಬೆಳಿಗ್ಗೆ ಸಾಲಿಗೆ ಬರುತ್ತಿದ್ದ, ಎಡಗೈ ಕೊಡುತ್ತಿದ್ದ, ಬಲಗೈ ಕೇಳಿದರೆ “ತಿಂಗಳಾಗ್ಲಿ ಅಂತ ಡಾಕ್ಟರೇ ಹೇಳಿದ್ದಾರಲ್ಲ” ಎನ್ನುತ್ತಿದ್ದ. ಅವನ ಗ್ಯಾಂಗಿನವರು ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಕಂಪೆನಿ ಬಸ್ಸಿನಲ್ಲಿ ನಾನಿರುವ ಮುಐದರ್‌ಗೆ ವಾಪಸಾಗುವಾಗ ನನ್ನ ಪಕ್ಕದ ಸೀಟು ಖಾಲಿಯೇ ಇರುತ್ತಿತ್ತು. ಬ್ಯಾಗ್ ಇಡಲು ಅನುಕೂಲವಾಯಿತೆಂದು ನನಗೆ ನಾನೇ ಹೇಳಿಕೊಂಡೆ. ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ತಿಂಗಳು ತುಂಬಿದ ಮೇಲೆ ಬಲಗೈ ಮೇಜಿಗೆ ಬಂತು. ಟೇಪು ಬಿಚ್ಚಿದರೆ ಉಗುರು ಫಳಫಳ ಹೊಳೆಯುತ್ತಿದೆ. ಗೀರು ಇಲ್ಲ. ಪೈಪು ಉಜ್ಜುವ ಎಮರಿ ಪೇಪರಿನಿಂದ ಉಗುರನ್ನು ಉಜ್ಜಿ ತೆಳ್ಳಗೆ ಮಾಡಿಕೊಂಡು ಬಂದಿದ್ದ. ಮೇಲಿನ ಕಪ್ಪು ಸ್ವಲ್ಪ ಮಾಸಿತ್ತು.

“ಕಮ್ಮಿ ಆಗಿದೆ ನೋಡಿ,” ಎಂದ.

ನನಗೆ ತಲೆ ಕೆಟ್ಟುಹೋಯಿತು. “ಉಜ್ಜಿದ್ದಲ್ವಾ? ಯಾರನ್ನು ಮಂಗ ಮಾಡ್ಲಿಕ್ಕೆ ಹೊರಟದ್ದು ನೀನು? ನನ್ನನ್ನಾ? ಉಗುರು ಉಜ್ಜಬಹುದು, ಬುಡದ ಚರ್ಮ ಉಜ್ಜಿ ತೆಗೀತೀಯಾ?” ಚರ್ಮದ ಮೇಲಿನ ಕಪ್ಪು ಹಾಗೆಯೇ ಇತ್ತು. ಹಳೆಯ ಫೋಟೋ ತೆರೆದು ಸ್ಕೇಲಿಟ್ಟು ಹೋಲಿಸಿದೆ. ಹಾಗೆಯೇ ಇರಲಿಲ್ಲ, ಕೂದಲೆಳೆಯಷ್ಟು ಮುಂದೆ ಹೋಗಿತ್ತು.

ಅವನೂ ಎದ್ದು ನಿಂತ. “ನಿಮಗೆ ಎಂತ ಬೇಕು ಬ್ರದರ್? ಪೆಟ್ಟು ಅಂದ್ರೆ ಗ್ಯಾಂಗಿನವ್ರು ನನ್ನನ್ನು ತಿಂತಾರೆ. ಕಾಯಿಲೆ ಅಂದ್ರೆ ಕಂಪೆನಿ ಅನ್‌ಫಿಟ್ ಬರ್ದು ಊರಿಗೆ ಕಳಿಸ್ತದೆ. ನಂಗೆ ಎರಡೂ ಬೇಡ. ನಂಗೆ ನೋವೇ ಇಲ್ಲ ಮಾರಾಯ್ರೆ!”

“ನೋವಿಲ್ವಾ? ಪೆಟ್ಟು ಬಿದ್ದಾಗಲೂ ಇರ್ಲಿಲ್ವಾ?”

ಅವನು ಮತ್ತೆ ಕೂತ. “ಯಾವ ಪೆಟ್ಟು ಅಂತ ನಂಗೂ ಸರಿ ಗೊತ್ತಿಲ್ಲ. ನಮ್ಗೆ ದಿನಾ ಬೀಳ್ತಾ ಇರ್ತದೆ. ಒಂದಿನ ನೋಡಿದ್ರೆ ಗೆರೆ ಕಂಡಿತು. ಹ್ಯಾಮರಿಂದೇ ಅಂತ ಮಾಡ್ಕೊಂಡೆ. ರೂಮಲ್ಲಿ ವೆಲ್ಡರ್ ಅಣ್ಣ ಇದ್ದಾರಲ್ಲ, ಅವ್ರು ಪಿನ್ ಕಾಸಿ ಚುಚ್ಚಿದ್ರು.”

ಇದು ಕ್ಯಾಂಪಿನ ವೈದ್ಯ. ಉಗುರಿನಡಿ ರಕ್ತ ನಿಂತು ತುಡಿಯುವಾಗ ಕೆಂಪಗೆ ಕಾಸಿದ ಪಿನ್ನಿನಿಂದ ಉಗುರಿಗೆ ತೂತು ಮಾಡುತ್ತಾರೆ. ಕಪ್ಪು ರಕ್ತ ಚಿಮ್ಮುತ್ತದೆ, ನೋವು ಇಳಿಯುತ್ತದೆ. ಕ್ಲಿನಿಕ್ಕಿಗೆ ಬರಬಾರದಲ್ಲ, ಅದಕ್ಕೆ ಈ ವಿದ್ಯೆ. ನಾವೂ ಅದನ್ನೇ ಶುದ್ಧ ಸೂಜಿಯಿಂದ ಮಾಡುತ್ತೇವೆ.

“ರಕ್ತ ಎಷ್ಟು ಬಂತು?”

“ಬರ್ಲೇ ಇಲ್ಲ. ಸರಿ ಇಳೀಲಿಲ್ಲ ಅಂತ ಇನ್ನೊಂದು ಕಡೆ ಚುಚ್ಚಿದ್ರು. ಅಲ್ಲಿಯೂ ಬರ್ಲಿಲ್ಲ. ನಿನ್ನ ರಕ್ತವೇ ಒಣಗಿದೆ ಅಂತ ಎಲ್ಲ ನಗಾಡಿದ್ರು.”

ನಾನು ಕುರ್ಚಿಯಲ್ಲಿ ಕೂತೆ. ಗೆರೆ ಕಂಡ ಹೊಸತರಲ್ಲೇ ಎರಡು ಕಡೆ ಚುಚ್ಚಿ ಒಂದು ಹನಿ ರಕ್ತ ಬಂದಿರಲಿಲ್ಲ. ನೋವಿರಲಿಲ್ಲ. ಈ ಕಪ್ಪಿಗೆ ಪೆಟ್ಟು ಎಂದೂ ಕಾರಣವಾಗಿರಲೇ ಇಲ್ಲ. ಕಪ್ಪು ಉಗುರೆಂದರೆ ಸುತ್ತಿಗೆ ಎಂದು ಇಡೀ ಕ್ಯಾಂಪು ನಂಬಿ, ಇಲ್ಲದ ಪೆಟ್ಟನ್ನು ಎಲ್ಲರೂ ಸೇರಿ ವರ್ಷಕ್ಕೂ ಮೇಲ್ಪಟ್ಟು ಮುಚ್ಚಿಟ್ಟಿದ್ದರು. ನನಗೆ ಅವನ ಮೇಲೆ ಸಿಟ್ಟು, ವೆಲ್ಡರಿನ ಮೇಲೆ ಸಿಟ್ಟು, ಎಂಜಿನ್ ಓಡುತ್ತಿರುವ ಕಾರಿನಲ್ಲಿ ಬಂದು ಹೋಗುವ ಡಾಕ್ಟರ ಮೇಲೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂತು. ಹೆದರಿಕೆಯೂ ಆಯಿತು. ಅದನ್ನು ಅವನಿಗೆ ತೋರಿಸಿಕೊಳ್ಳಲಿಲ್ಲ.

“ನೋವಿಲ್ಲದ್ದೇ ಕೆಟ್ಟದ್ದು,” ಎಂದೆ. “ಇದು ಕ್ಯಾನ್ಸರ್ ಇರಬಹುದು. ಅಲ್ಲದೆಯೂ ಇರಬಹುದು. ಒಂದು ಚೂರು ತೆಗೆದು ಪರೀಕ್ಷೆ ಮಾಡದೆ ನಾನೂ ಹೇಳ್ಲಿಕ್ಕಾಗುದಿಲ್ಲ, ನಿನ್ನ ವೆಲ್ಡರೂ ಹೇಳ್ಲಿಕ್ಕಾಗುದಿಲ್ಲ.”

“ನಿಮ್ಮ ಬಾಯಲ್ಲಿ ಒಳ್ಳೇದು ಬರುದೇ ಇಲ್ವಾ?” ಎಂದ. “ಪಿನ್ನಿದ್ದು ನಿಮ್ಮನ್ನು ನಂಬಿ ಹೇಳಿದ್ದು. ಯಾರಿಗೂ ಹೇಳ್ಬೇಡಿ.”

ಅವನ ಟ್ಯಾಂಕಿಗಿಳಿಯುವ ಕಾಗದದ ಮೇಲೆ ಠಸ್ಸೆ ಒತ್ತದೆ ಬದಿಗಿಟ್ಟೆ. ಚೀಟಿ ಬರೆಯುವ ಅಧಿಕಾರ ನನಗಿಲ್ಲದಿರಬಹುದು, ಠಸ್ಸೆ ಒತ್ತದಿರುವ ಅಧಿಕಾರ ನನ್ನದೇ. ಅವನು ಬೈಯುತ್ತಾ ಹೊರಗೆ ಹೋಗಿ ಬೆಂಚಿನಲ್ಲಿ ಕೂತ. ನಾನು ಫೋನ್ ತೆಗೆದು ಸೇಫ್ಟಿ ಆಫೀಸರನನ್ನು ಕರೆದೆ. ಬೇರೆ ದಾರಿ ಕಾಣಲಿಲ್ಲ. ಡಾಕ್ಟರನ್ನು ಅಲುಗಿಸುವ ಶಕ್ತಿ ಆ ಪ್ಲಾಂಟಿನಲ್ಲಿ ಇದ್ದದ್ದು ಈ ಒಬ್ಬನಿಗೆ. ಅವನನ್ನು ಅಲುಗಿಸಲು ಇದ್ದದ್ದು ಬೋರ್ಡು ಒಂದೇ.

ಬಂದವನೇ ಶುರು ಮಾಡಿದ. “ಫಿಟ್ಟರನ್ನು ಯಾಕೆ ಹೊರಗೆ ಕೂರಿಸಿದ್ದಿ? ಅಲ್ಲಿ ಕೆಲಸ ನಿಂತಿದೆ!”

“ಕೂತ್ಕೊಳ್ಳಿ. ಎರಡರಲ್ಲಿ ಒಂದು ಹೇಳಿ. ಆ ಬೆರಳಿಗೆ ಪೆಟ್ಟು ಬಿದ್ದಿದೆ ಅಂತಾದರೆ ನಾನು ಈಗಲೇ ರಿಪೋರ್ಟ್ ಬರೀತೇನೆ. ಹೋದ ಶಟ್‌ಡೌನಿನ ಪೆಟ್ಟು, ಇಷ್ಟು ಸಮಯ ಮುಚ್ಚಿಟ್ಟದ್ದು. ನಿಮ್ಮ ಬೋರ್ಡು ಅಲ್ಲಿಂದಲೇ ಸುಳ್ಳು ಅಂತ ಕ್ಲೈಂಟಿಗೆ ಗೊತ್ತಾಗ್ತದೆ.”

“ಪೆಟ್ಟೇ ಬಿದ್ದಿಲ್ಲ! ಪೆಟ್ಟು ಅಂತ ಹೇಳಿದ್ದು ಯಾರು?”

“ಸರಿ. ಪೆಟ್ಟಲ್ಲ ಅಂತಾದರೆ ಅದು ಕಾಯಿಲೆ. ಕಾಯಿಲೆ ಅಂತ ಬರೆದು ಕೊಡಬೇಕಾದವರು ಚರ್ಮದ ಡಾಕ್ಟರು. ಅವರ ಕಾಗದ ಕೈಯಲ್ಲಿದ್ದರೆ ನಾಳೆ ಯಾರು ಕೇಳಿದರೂ ನಿಮ್ಮ ಅಂಕಿಗೆ ಏನೂ ಆಗುದಿಲ್ಲ. ಅಲ್ಲದೆ, ಅವನಿಗೆ ಕ್ಯಾಂಪಲ್ಲಿ ಪಿನ್ ಚುಚ್ಚಿದ್ದಾರೆ. ರಕ್ತ ಬಂದಿಲ್ಲ. ಪೆಟ್ಟಲ್ಲ ಅನ್ಲಿಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ನಿಮಗೆ ಸಿಗುದಿಲ್ಲ.”

ಮಾತು ಬಾಯಿಂದ ಹೊರಬಿದ್ದಾಗ ಬಾಗಿಲು ಅರ್ಧ ತೆರೆದಿರುವುದು ಕಂಡಿತು. ಬೆಂಚಿನಲ್ಲಿದ್ದವನು ಕೇಳಿಸಿಕೊಂಡಿದ್ದ.

ಸೇಫ್ಟಿ ಆಫೀಸರ್ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ. ಅವನ ಮುಖದಲ್ಲಿ ಬೆರಳಿನ ಬಗ್ಗೆ, ಮನುಷ್ಯನ ಬಗ್ಗೆ ಒಂದು ಗೆರೆ ಚಿಂತೆಯೂ ನನಗೆ ಕಾಣಲಿಲ್ಲ. ಆದರೆ ಫೋನ್ ಎತ್ತಿದ. ಡಾಕ್ಟರು ಅಲ್ ಗರಾಫಾದ ಮನೆಯಲ್ಲಿದ್ದರಂತೆ. ಅವರಿಗೆ ನಾನು ಒಂದು ತಿಂಗಳಿನಿಂದ ಹೇಳುತ್ತಾ ಬಂದದ್ದನ್ನೇ ಈತ ಎರಡು ನಿಮಿಷದಲ್ಲಿ ಹೇಳಿದ. ಚೀಟಿ ಫೋನಿನಲ್ಲೇ ಬಂತು. ಕಂಪೆನಿಯ ಕಾರು ಬಾಗಿಲಿಗೆ ಬಂತು. “ಯಲ್ಲಾ, ಬೇಗ ಹೊರಡ್ಲಿ, ಇವತ್ತೇ ತೋರಿಸಿ ಕಾಗದ ತರ್ಲಿ,” ಎಂದು ಕೈ ಬೀಸಿ ಹೋದ.

ಫಿಟ್ಟರ್ ಕಾರು ಹತ್ತುವ ಮೊದಲು ನನ್ನ ಹತ್ತಿರ ಬಂದ. “ವೆಲ್ಡರ್ ಅಣ್ಣನ ಕೆಲಸಕ್ಕೆ ಎಂತಾದ್ರೂ ಆದ್ರೆ ನಾನು ನಿಮ್ಮನ್ನು ಬಿಡುದಿಲ್ಲ,” ಎಂದ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಾನು ನಿಂತಿದ್ದೆ. ಪಿನ್ ಚುಚ್ಚಿದವರು ಯಾರೆಂದು ಕಂಪೆನಿಯವರು ವಿಚಾರಿಸಿ, ವೆಲ್ಡರಿಗೆ ಒಂದು ಎಚ್ಚರಿಕೆ ಪತ್ರ ಕೊಟ್ಟರು, ಅಷ್ಟೇ. ಅದನ್ನೂ ಫಿಟ್ಟರ್ ಕ್ಷಮಿಸಲಿಲ್ಲ.

ಆಸ್ಪತ್ರೆಯಲ್ಲಿ ಅವನನ್ನು ಕಾಯಿಸಲಿಲ್ಲ. ಚರ್ಮದ ಡಾಕ್ಟರು ಉಗುರಿನ ಬುಡವನ್ನು ಭೂತಗನ್ನಡಿಯಂಥ ಉಪಕರಣದಲ್ಲಿ ನೋಡಿ, ಬೆರಳು ಮರಗಟ್ಟಿಸಿ, ಉಗುರೆತ್ತಿ ಬುಡದಿಂದ ಒಂದು ಚೂರು ತೆಗೆದರು. ಫಲಿತಾಂಶ ಬಂದಾಗ ಅದೇ ಆಗಿತ್ತು, ಮೆಲನೋಮ. ಕೆಳಗಿನ ಪದರಕ್ಕೆ ಇಳಿಯತೊಡಗಿತ್ತು. ಬೆರಳನ್ನು ತುದಿಯ ಗಂಟಿನಲ್ಲಿ ಕತ್ತರಿಸಬೇಕೆಂದರು, ಕತ್ತರಿಸಿದರು. ಕಂಕುಳಿನ ಗ್ರಂಥಿಯನ್ನೂ ಪರೀಕ್ಷಿಸಿದರು. ಅಲ್ಲಿಗೆ ಹರಡಿರಲಿಲ್ಲ. ವರದಿಯ ಆ ಸಾಲನ್ನು ಓದುವಾಗ ನನ್ನ ಕಣ್ಣಲ್ಲಿ ನೀರು ಬಂತು. ಕ್ಲಿನಿಕ್ಕಿನಲ್ಲಿ ಯಾರೂ ಇರಲಿಲ್ಲ.

ಹೆಬ್ಬೆರಳಿನ ತುದಿಯಿಲ್ಲದೆ ಪೈಪ್ ಫಿಟ್ಟರನ ಕೆಲಸ ನಡೆಯುವುದಿಲ್ಲ. ಅನ್‌ಫಿಟ್ ಎಂದು ಬರೆದರು. ಅವನು ಹೆದರಿದ್ದದ್ದೇ ಆಯಿತು. ಊರಿಗೆ ಹೋಗುವ ಮೊದಲು ಆಸ್ಪತ್ರೆಯ ಕಾಗದಗಳನ್ನು ಒಯ್ಯಲು ಕ್ಲಿನಿಕ್ಕಿಗೆ ಬಂದ. ಬಲಗೈಗೆ ಬ್ಯಾಂಡೇಜ್ ಇತ್ತು. ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗಬೇಕು, ಕಂಕುಳು ಮುಟ್ಟಿ ನೋಡಿಕೊಳ್ಳಬೇಕು, ಉಳಿದ ಉಗುರು, ಅಂಗಾಲು ನೋಡಿಕೊಳ್ಳುತ್ತಿರಬೇಕು ಎಂದು ಹೇಳಿದೆ. ಕೇಳಿಸಿಕೊಂಡನೋ ಇಲ್ಲವೋ.

“ನಿಮ್ಗೆ ಸಮಾಧಾನ ಆಯ್ತಾ?” ಎಂದ.

“ಜೀವ ಉಳೀತಲ್ಲ ಮಾರಾಯ.”

“ಜೀವ ಇಟ್ಕೊಂಡು ಎಂತ ಮಾಡ್ಲಿ, ನೆಕ್ಲಿಕ್ಕಾ? ನಂಗೆ ಸ್ಪ್ಯಾನರ್ ಬಿಟ್ರೆ ಬೇರೆ ಬರುದಿಲ್ಲ.”

ಅವನು ಕಾಗದಗಳನ್ನು ಎಡಗೈಯಲ್ಲಿ ಒಟ್ಟುಮಾಡಿ, ಎದೆಗೆ ಒತ್ತಿಕೊಂಡು ಹೋದ.

ಬೋರ್ಡು ಗುರಿ ಮುಟ್ಟಿತು. ಬಿರಿಯಾನಿ ಬಂತು, ಕಂಬಳಿಯೂ ಬಂತು. ಸೇಫ್ಟಿ ಆಫೀಸರ್ ಉಗುರಿನ ಬಗ್ಗೆ ಒಂದು ಪೋಸ್ಟರ್ ಮಾಡಿಸಿ, ಕೆಳಗೆ ತನ್ನ ಹೆಸರು ಹಾಕಿಸಿ, ನನ್ನದೇ ಫೋಟೋ, ನನ್ನದೇ ಸ್ಕೇಲು, ಗೇಟಿನಲ್ಲಿ ಅಂಟಿಸಿದ. ಕ್ಲೈಂಟಿನವರು ಅವನಿಗೆ ಪ್ರಶಸ್ತಿ ಕೊಟ್ಟರು. ಹೊಟ್ಟೆ ಉರಿಯಿತು. ಆದರೂ ಪೋಸ್ಟರ್ ಹರಿಯದ ಹಾಗೆ ಅದರ ಮೂಲೆಗೆ ಟೇಪು ಹಚ್ಚಿದ್ದು ನಾನೇ. ಈಗ ಬೆಳಿಗ್ಗೆಯ ಸಾಲಿನಲ್ಲಿ ಎರಡೂ ಗ್ಲೌಸ್ ತೆಗೆಸುತ್ತೇನೆ. ಹತ್ತು ಉಗುರು ನೋಡಲು ಹಿಡಿಯುವ ಹೊತ್ತಿಗೆ ಹಿಂದಿನವರು ಹಾಕುವ ಶಾಪ ಮೊದಲಿಗಿಂತ ಜೋರಾಗಿದೆ.

ಫಿಟ್ಟರನಿಗೆ ಆಗಾಗ ಮೆಸೇಜ್ ಕಳಿಸುತ್ತಿದ್ದೆ, ತಪಾಸಣೆಗೆ ಹೋದೆಯಾ ಎಂದು. ನೋಡಿದ ಗುರುತು ಬರುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ಒಂದು ವರ್ಷ ಹೀಗೇ ಹೋಯಿತು. ಮುಂದಿನ ಶಟ್‌ಡೌನಿನ ಒಂದು ಬೆಳಿಗ್ಗೆ, ಸಾಲು ಬಾಗಿಲಲ್ಲಿ ಗೊಣಗುತ್ತಿರುವಾಗ, ಅವನಿಂದ ಒಂದು ಫೋಟೋ ಬಂತು. ಹೆಂಗಸೊಬ್ಬರ ಕಾಲಿನ ಹೆಬ್ಬೆರಳು. ಉಗುರಿನಲ್ಲಿ ಕಪ್ಪು. ಬೆರಳಿನ ಪಕ್ಕ ಶಾಲೆ ಮಕ್ಕಳ ಸ್ಕೇಲು, ಸರಿಯಾಗಿ ಅಂಚಿಗೆ ಸೇರಿಸಿ ಇಟ್ಟದ್ದು. ಸ್ಕೇಲನ್ನು ಹಿಡಿದದ್ದು ನಾಲ್ಕು ಬೆರಳು ಮತ್ತು ಒಂದು ಮೋಟು ಹೆಬ್ಬೆರಳು.

ಕೆಳಗೆ ಬರೆದಿದ್ದ: “ಅಕ್ಕನ ಕಾಲು. ಕಲ್ಲು ಬಿದ್ದದ್ದು ಅಂತ ಹೇಳ್ತಾಳೆ. ನಾನು ನಂಬುದಿಲ್ಲ. ನಿಮ್ಮ ಹತ್ರ ಮಾತಾಡ್ಲಿಕ್ಕೆ ನಂಗೆ ಈಗ್ಲೂ ಮನಸ್ಸಿಲ್ಲ. ನೋಡಿ ಹೇಳಿ.”

ಸಾಲನ್ನು ನಿಲ್ಲಿಸಿ, ಬಾಗಿಲು ಹಾಕಿ, ಫೋಟೋವನ್ನು ದೊಡ್ಡದು ಮಾಡಿ ಬುಡದ ಚರ್ಮ ನೋಡತೊಡಗಿದೆ.